ಉಕ್ಕಿನ ಸಲಾಕೆಯೂ ಹಳೆಯ ಮಟ್ಟುಗಳೂ

ಗಿಟಾರಿನ ರಸಿಕರೆನಿಸಿಕೊಂಡವರಲ್ಲಿ ಒಂದು ಅಭಿಪ್ರಾಯ ಎಷ್ಟು ಗಟ್ಟಿಯಾಗಿ ನೆಲೆಯೂರಿದೆಯೆಂದರೆ, ಅದಕ್ಕೆ ಪ್ರಮಾಣವೇನೆಂದು ಕೇಳುವುದೇ ಅವಿನಯವೆಂಬಂತಾಗಿದೆ. 1950ರ ದಶಕದ ಕೊನೆಯ ಭಾಗದಿಂದ 1960ರ ದಶಕದ ನಡುಗಾಲದವರೆಗೆ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ, ಗಾಯಕನ ಹಂಗಿಲ್ಲದೆ, ಸಾಹಿತ್ಯದ ಆಸರೆಯಿಲ್ಲದೆ, ಗಿಟಾರೊಂದರ ನಾದಬಲದಿಂದಲೇ ಜನಮನವನ್ನು ಸೂರೆಗೊಂಡ ‘ಅಪಾಚೆ’, ‘ವಾಕ್, ಡೋಂಟ್ ರನ್’, ‘ರೆಬಲ್ ರೌಸರ್’, ‘ಪೈಪ್‌ಲೈನ್’ ಮೊದಲಾದ ವಾದ್ಯಕೃತಿಗಳು ಯಾವುವುಂಟೋ, ಅವೆಲ್ಲವೂ ಮೆಟ್ಟಿಲುಗಳುಳ್ಳ, ಎದೆಗೆ ಅವುಚಿ ಹಿಡಿದು ಬೆರಳೊತ್ತಿ ನುಡಿಸತಕ್ಕ ವಿದ್ಯುತ್ ಗಿಟಾರಿನ ಸ್ವಂತ ಸೊತ್ತೆಂದೂ, ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಉಕ್ಕಿನ ಸಲಾಕೆಯನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರಿಗೆ ಅವುಗಳ ಮೇಲೆ ಯಾವ ಅಧಿಕಾರವೂ ಇಲ್ಲವೆಂದೂ, ಹಾಗೆ ಯಾರಾದರೂ ನುಡಿಸಿದರೆ ಅದು ವಿನೋದವಾದೀತೇ ಹೊರತು ಸಂಗೀತವಾಗದೆಂದೂ ಅವರು ಹೇಳುತ್ತಾರೆ. ಲ್ಯಾಪ್ ಸ್ಟೀಲ್ ಹವಾಯಿಯ ಕಡಲತೀರಕ್ಕೆ ಒಪ್ಪಿತು, ಅಮೆರಿಕದ ದನಗಾಹಿಗಳ ವಿರಹಗೀತೆಗೆ ಒಪ್ಪಿತು. ಆ ಎಲ್ಲೆಯನ್ನು ಮೀರುವುದು ಅದಕ್ಕೆ ಭೂಷಣವಲ್ಲ ಎಂಬುದು ಅವರ ತೀರ್ಪು. ಈ ತೀರ್ಪಿಗೆ ಚರಿತ್ರೆಯ ಆಧಾರವೂ ಇಲ್ಲ, ಕಿವಿಯ ಆಧಾರವೂ ಇಲ್ಲವೆಂದು ನಾನು ವಾದಿಸತಕ್ಕವನು.

ಖಂಡನೆಗೆ ಕೈಹಾಕುವವನು ಪೂರ್ವಪಕ್ಷವನ್ನು ಅದರ ಪ್ರತಿಪಾದಕರಿಗಿಂತಲೂ ಚೆನ್ನಾಗಿ ಹೇಳಬೇಕೆಂಬುದು ನಮ್ಮ ಶಾಸ್ತ್ರಕಾರರು ಪಾಲಿಸಿಕೊಂಡು ಬಂದ ಮರ್ಯಾದೆ. ಆದುದರಿಂದ ಅವರ ಮಾತನ್ನು ಅದರ ಪೂರ್ಣಬಲದೊಡನೆ ಮುಂದಿಡುತ್ತೇನೆ. ಆ ಕಾಲದ ಗಿಟಾರ್ ಕೃತಿಗಳ ಜೀವವಿರುವುದು ಸ್ವರದ ಆರಂಭದಲ್ಲಿ; ‘ಅಪಾಚೆ’ಯ ಒಂದೊಂದು ಸ್ವರವೂ ಕಲ್ಲಿನಲ್ಲಿ ಕೊರೆದಂತೆ ಬಿಡಿಬಿಡಿಯಾಗಿ, ತೀಕ್ಷ್ಣವಾಗಿ ಹೊರಡುತ್ತದೆ; ಸಲಾಕೆಯಾದರೋ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರಿಕೊಂಡಲ್ಲದೆ ಹೋಗಲಾರದಾಗಿ, ಆ ಅಂಚುಗಳನ್ನೆಲ್ಲ ಸವೆಸಿ ನುಣುಪುಮಾಡಿಬಿಡುತ್ತದೆ. ಎರಡನೆಯದಾಗಿ, ಸಲಾಕೆ ನೇರವಾದದ್ದು, ಬಾಗದ್ದು. ನಾಲ್ಕು ಬೆರಳುಗಳು ನಾಲ್ಕು ಮನೆಗಳಲ್ಲಿ ಕುಳಿತು ಕಟ್ಟುವ ಕಾರ್ಡುಗಳನ್ನು ಈ ಒಂದು ಕಡ್ಡಿ ಕಟ್ಟುವುದೆಂತು? ಇವೆರಡಕ್ಕೂ ಮಿಗಿಲಾಗಿ, ಸ್ಟೀಲಿನ ಕಂಠದಲ್ಲಿ ಒಂದು ಅಳು ಸಹಜವಾಗಿಯೇ ಸೇರಿಕೊಂಡಿದೆ. ವೀರಕ್ಕೆ ಸಲ್ಲಬೇಕಾದ ಮಟ್ಟನ್ನು ಅದು ಕರುಣಕ್ಕೆ ಇಳಿಸುತ್ತದೆ. ಹೀಗೆ ಹೇಳುವವರು ಅವಿವೇಕಿಗಳಲ್ಲ. ಅವರಲ್ಲಿ ಹಲವರು ಒಳ್ಳೆಯ ವಾದಕರು. ತಾವು ಕೇಳಿದ ಕೆಟ್ಟ ವಾದನವನ್ನು ವಾದ್ಯದ ಸ್ವಭಾವವೆಂದು ಭ್ರಮಿಸಿದ್ದಷ್ಟೇ ಅವರ ದೋಷ.

ಮೊದಲು ಸೊತ್ತಿನ ವಿಚಾರವನ್ನೇ ತೆಗೆದುಕೊಳ್ಳೋಣ. ಓಆಹು ದ್ವೀಪದ ಲಾಯೀ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು, ಹೊನೊಲುಲುವಿನ ಕಮೆಹಮೆಹ ಶಾಲೆಯಲ್ಲಿ ಓದುತ್ತಿದ್ದ ಹುಡುಗನಾಗಿದ್ದಾಗಲೇ ಉಕ್ಕಿನ ತುಂಡೊಂದನ್ನು ಗಿಟಾರಿನ ತಂತಿಯ ಮೇಲೆ ಜಾರಿಸಿ ನುಡಿಸುವ ಪದ್ಧತಿಯನ್ನು ರೂಢಿಸಿದನೆಂಬುದು ಬಹುಜನರು ಒಪ್ಪಿದ ಮಾತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಪನಾಮ-ಪೆಸಿಫಿಕ್ ಪ್ರದರ್ಶನದಲ್ಲಿ ಹವಾಯಿಯ ಮಂಟಪದ ಸಂಗೀತವನ್ನು ಕೇಳಿದ ಅಮೆರಿಕ ಆ ನಾದಕ್ಕೆ ಮರುಳಾಯಿತು. ಮರುಳಾದದ್ದೇನೋ ಸರಿ, ಆದರೆ ನೃತ್ಯಶಾಲೆಯ ತುತ್ತೂರಿಗಳ ನಡುವೆ ಮರದ ಗಿಟಾರಿನ ಧ್ವನಿ ಯಾರಿಗೂ ಕೇಳಿಸದಾಯಿತು. ಈ ತೊಂದರೆಯನ್ನು ತನ್ನ ಅನುಭವದಿಂದಲೇ ಬಲ್ಲ ಜಾರ್ಜ್ ಬೋಶಾಂ ಎಂಬ ಸ್ಟೀಲ್ ವಾದಕ, ಅಯಸ್ಕಾಂತಕ್ಕೆ ತಂತಿ ಸುತ್ತಿ, ಕಂಪಿಸುವ ಉಕ್ಕಿನ ತಂತಿಯಿಂದಲೇ ವಿದ್ಯುತ್ತನ್ನು ಹೊರಡಿಸುವ ಉಪಾಯವನ್ನು ಹುಡುಕಿದ. 1932ರಲ್ಲಿ ಮಾರುಕಟ್ಟೆಗೆ ಬಂದ, ಎರಕದ ಅಲ್ಯೂಮಿನಿಯಮ್ಮಿನ, ಆಕಾರ ನೋಡಿ ಜನ ‘ಬಾಣಲೆ’ ಎಂದು ಹೆಸರಿಟ್ಟ ರಿಕನ್‌ಬ್ಯಾಕರ್ ಗಿಟಾರು ಇದರ ಫಲ. ಲೋಕದಲ್ಲಿ ವ್ಯಾಪಾರಕ್ಕೆ ನಿಂತು ಗೆದ್ದ ಮೊದಲ ವಿದ್ಯುತ್ ಗಿಟಾರ್ ಇದೇ. ಇದು ಲ್ಯಾಪ್ ಸ್ಟೀಲ್. ಇದಕ್ಕೆ ಪೇಟೆಂಟ್ ದೊರೆತದ್ದು 1937ರಲ್ಲಿ. ಅಷ್ಟರೊಳಗೆ ಇದು ನಿಜವಾಗಿ ನುಡಿಯುವ ವಾದ್ಯವೇ ಎಂಬ ಅಧಿಕಾರಿಗಳ ಸಂದೇಹವನ್ನು ತೀರಿಸುವುದಕ್ಕೆ ವಾದಕರನ್ನು ಕಳುಹಿಸಿ ಅವರೆದುರಿಗೆ ನುಡಿಸಿ ತೋರಿಸಬೇಕಾಯಿತೆಂದು ಹೇಳುವುದುಂಟು. ಗಿಬ್ಸನ್ ಸಂಸ್ಥೆಯ ಚರಿತ್ರೆಯೂ ಹೀಗೆಯೇ: 1935ರಲ್ಲಿ ಮೊದಲು ಹೊರಟದ್ದು ಅದರ ವಿದ್ಯುತ್ ಹವಾಯನ್ ಗಿಟಾರು, ಮರುವರ್ಷ ಅದರ ಬೆನ್ನಿಗೆ ಬಂದದ್ದು ಎದೆಗೆ ಹಿಡಿಯುವ ‘ಸ್ಪ್ಯಾನಿಷ್’ ಗಿಟಾರು.

ಇನ್ನು ಯಾವ ವಾದ್ಯದ ಹೆಸರು ಹೇಳಿದರೆ ನಮ್ಮ ಪ್ರತಿವಾದಿಗಳು ಕೈಮುಗಿಯುತ್ತಾರೋ ಆ ಸ್ಟ್ರಾಟೊಕ್ಯಾಸ್ಟರಿನ ವಂಶವನ್ನು ನೋಡಬೇಕು. ಅದರ ನಿರ್ಮಾಪಕನಾದ ಲಿಯೊ ಫೆಂಡರ್ 1945ರಲ್ಲಿ ಡಾಕ್ ಕಾಫ್‌ಮನ್ ಎಂಬ ಜೊತೆಗಾರನೊಡನೆ ವ್ಯಾಪಾರ ಆರಂಭಿಸಿದ್ದು ಲ್ಯಾಪ್ ಸ್ಟೀಲುಗಳನ್ನೂ ಅವುಗಳಿಗೆ ಬೇಕಾದ ಆಂಪ್ಲಿಫೈಯರುಗಳನ್ನೂ ಮಾಡುವುದಕ್ಕಾಗಿ. ಮೆಟ್ಟಿಲುಗಳುಳ್ಳ ಘನದೇಹದ ಗಿಟಾರು ಅವನ ಕಾರ್ಖಾನೆಯಿಂದ ಹೊರಬಿದ್ದದ್ದು 1950ರಲ್ಲಿ, ಸ್ಟ್ರಾಟೊಕ್ಯಾಸ್ಟರು 1954ರಲ್ಲಿ. ‘ಅಪಾಚೆ’ಯನ್ನು ನುಡಿಸಿದ ಶ್ಯಾಡೋಸ್ ಬಳಗದ ಹ್ಯಾಂಕ್ ಮಾರ್ವಿನ್ ತನ್ನ ಅಂಗೈಯಲ್ಲಿ ಸದಾ ಹಿಡಿದಿಟ್ಟುಕೊಂಡು, ಸ್ವರದ ಕೊನೆಗೆ ಒಂದು ಮೃದುವಾದ ತೂಗಾಟವನ್ನು ಕೊಡುತ್ತಿದ್ದ ಆ ಲೋಹದ ತೋಳಿದೆಯಲ್ಲ, ಅದು ಫೆಂಡರನದು. ‘ರೆಬಲ್ ರೌಸರ್’ ನುಡಿಸಿದ ಡ್ವೇನ್ ಎಡ್ಡಿಯ ಗ್ರೆಚ್ ಗಿಟಾರಿನ ಮೇಲೆ ಇದ್ದ ಅದೇ ಬಗೆಯ ತೋಳು ಪಾಲ್ ಬಿಗ್ಸ್‌ಬಿಯದು. ಆ ಬಿಗ್ಸ್‌ಬಿ 1948ರಲ್ಲಿ ಸ್ಟೀಲ್ ವಾದಕ ಸ್ಪೀಡಿ ವೆಸ್ಟನಿಗೆ ಸ್ಟೀಲ್ ಗಿಟಾರ್ ಮಾಡಿಕೊಟ್ಟವನು. ಎರಡು ತೋಳುಗಳನ್ನೂ ಕಡೆದವರು ಸ್ಟೀಲ್ ಕಡೆದ ಕೈಯವರು. ಸ್ವರವನ್ನು ಮೆಟ್ಟಿಲಿನ ಸೆರೆಯಿಂದ ಬಿಡಿಸಿ ಕೊಂಚ ಮೇಲಕ್ಕೂ ಕೊಂಚ ಕೆಳಕ್ಕೂ ತೂಗಿಸಬೇಕೆಂಬ ಆಸೆ ಮೆಟ್ಟಿಲುಗಳ ಗಿಟಾರಿಗೆ ಒಂದು ಯಂತ್ರದ ಸಹಾಯದಿಂದ ಕೈಗೂಡಿತು. ಸ್ಟೀಲಿಗಾದರೋ ಅದು ಬರಿಯ ಮಣಿಕಟ್ಟಿನ ಕೆಲಸ. ಹೀಗಿರುವಲ್ಲಿ, ಮಗನ ಮನೆಯ ಜಗಲಿಯ ಮೇಲೆ ತಂದೆ ಕುಳಿತರೆ ಅತಿಕ್ರಮಪ್ರವೇಶವೆಂದು ದೂರು ಕೊಡುವವರ ಧೋರಣೆ ನಮ್ಮ ರಸಿಕರದು.

ಚರಿತ್ರೆಯಲ್ಲಿ ಹಿರಿಯದಾದ ಮಾತ್ರಕ್ಕೆ ಹಕ್ಕು ಬಂದೀತೆ ಎಂದು ಕೇಳಬಹುದು; ಬಾರದು. ಆದರೆ ಇನ್ನೊಂದು ಸಂಗತಿಯುಂಟು. ಆ ಯುಗದ ಗಿಟಾರ್ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದ ಎರಡನ್ನು ಹೆಸರಿಸಿರೆಂದರೆ ಒಂದು ‘ಅಪಾಚೆ’ಯಾಗುತ್ತದೆ, ಇನ್ನೊಂದು ‘ಸ್ಲೀಪ್ ವಾಕ್’. ಈ ‘ಸ್ಲೀಪ್ ವಾಕ್’ ಬ್ರೂಕ್ಲಿನ್ನಿನ ಸ್ಯಾಂಟೊ ಫರೀನ ಮತ್ತು ಜಾನಿ ಫರೀನ ಎಂಬ ಸಹೋದರರದು. ಯುದ್ಧಕಾಲದಲ್ಲಿ ಸೈನ್ಯದ ಕೆಲಸದ ಮೇಲೆ ಒಕ್ಲಹೋಮದಲ್ಲಿದ್ದ ಅವರ ತಂದೆ ರೇಡಿಯೋದಲ್ಲಿ ಸ್ಟೀಲ್ ಗಿಟಾರ್ ಕೇಳಿ, ಮಕ್ಕಳಿಗೆ ಇದನ್ನು ಕಲಿಸಬೇಕೆಂದು ಮನೆಗೆ ಪತ್ರ ಬರೆದನಂತೆ. 1959ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಆ ಮಟ್ಟು ಎರಡು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದರಲ್ಲಿ ಹಾಡುವ ವಾದ್ಯ ಸ್ಟೀಲ್. ಮರುವರ್ಷವೇ ವೆಂಚರ್ಸ್ ಬಳಗದವರು ತಮ್ಮ ಮೊದಲ ಸಂಪುಟದಲ್ಲಿ ಅದನ್ನು ಮೆಟ್ಟಿಲುಗಳ ಗಿಟಾರಿನಲ್ಲಿ ನುಡಿಸಿದರು. 1961ರಲ್ಲಿ ಶ್ಯಾಡೋಸ್ ಬಳಗದವರೂ ನುಡಿಸಿದರು. 1982ರಲ್ಲಿ ಲ್ಯಾರಿ ಕಾರ್ಲ್‌ಟನ್, 1985ರಲ್ಲಿ ಜೆಫ್ ಬೆಕ್. ಬ್ರಯನ್ ಸೆಟ್ಜರನಿಗಂತೂ ಅದನ್ನು ನುಡಿಸಿದ್ದಕ್ಕೆ 1999ರಲ್ಲಿ ಗ್ರಾಮಿ ಪುರಸ್ಕಾರವೇ ಬಂತು. ಇವರಲ್ಲಿ ಯಾರನ್ನಾದರೂ ‘ಇದು ಸ್ಟೀಲಿನ ಸೊತ್ತು, ಮೆಟ್ಟಿಲುಗಳ ಗಿಟಾರಿನಲ್ಲಿ ನುಡಿಸುವುದು ಹಾಸ್ಯಾಸ್ಪದ’ ಎಂದು ಒಬ್ಬ ವಿಮರ್ಶಕನಾದರೂ ತಡೆದು ಕೇಳಿದನೆ? ಕೇಳಲಿಲ್ಲ, ಕೇಳಬಾರದಾಗಿತ್ತು ಕೂಡ. ಜೆಫ್ ಬೆಕ್‌ನ ವಾದನ ಸುಂದರವಾಗಿದೆ. ಸ್ಟೀಲಿನ ಜಾರನ್ನು ಬೆರಳಿನಿಂದಲೂ ಲೋಹದ ತೋಳಿನಿಂದಲೂ ಅವನು ಸಾಧಿಸುವ ಬಗೆಯನ್ನು ಕಂಡು ಹೊಗಳದೆ ಇರಲಾಗದು. ಆದರೆ ಆ ಕಡೆಯಿಂದ ಈ ಕಡೆಗೆ ದಾಟುವುದು ಸೃಷ್ಟಿಶೀಲತೆ, ಈ ಕಡೆಯಿಂದ ಆ ಕಡೆಗೆ ದಾಟುವುದು ವಿದೂಷಕತನ ಎಂಬುದು ಯಾವ ನ್ಯಾಯ?

‘ಅಪಾಚೆ’ಯ ಜನ್ಮವೃತ್ತಾಂತ ಇದಕ್ಕಿಂತಲೂ ಸ್ವಾರಸ್ಯವಾದದ್ದು. ಅದನ್ನು ರಚಿಸಿದವನು ಜೆರ‍್ರಿ ಲಾರ್ಡನ್ ಎಂಬ ಇಂಗ್ಲಿಷ್ ಗೀತಕಾರ. 1954ರ ಅದೇ ಹೆಸರಿನ ಚಲಚ್ಚಿತ್ರ ಅವನಿಗೆ ಪ್ರೇರಣೆ. ಮೊದಲು ಧ್ವನಿಮುದ್ರಿಸಿದವನು ಬರ್ಟ್ ವೀಡನ್. ಆಮೇಲೆ ಸಂಚಾರದಲ್ಲಿ ಜೊತೆಯಾಗಿದ್ದಾಗ ಲಾರ್ಡನ್ ಅದನ್ನು ಶ್ಯಾಡೋಸ್ ಬಳಗದವರಿಗೆ ಕೇಳಿಸಿದ. ಕೇಳಿಸಿದ್ದು ಯುಕುಲೇಲಿಯ ಮೇಲೆ! 1879ರಲ್ಲಿ ಮದೈರ ದ್ವೀಪದಿಂದ ಹೊನೊಲುಲುವಿಗೆ ಬಂದಿಳಿದ ಪೋರ್ಚುಗೀಸ್ ವಲಸೆಗಾರರ ಪುಟ್ಟ ವಾದ್ಯದಿಂದ ಹವಾಯಿಯಲ್ಲಿ ರೂಪುಗೊಂಡ, ಸ್ಟೀಲ್ ಗಿಟಾರಿನ ಊರಿನದೇ ಆದ ನಾಲ್ಕು ತಂತಿಯ ಯುಕುಲೇಲಿ. ಆ ಸಣ್ಣ ಕಂಠದಿಂದ ಹೊರಟ ಮಟ್ಟನ್ನು ಮಾರ್ವಿನ್, ಗಾಯಕ ಕ್ಲಿಫ್ ರಿಚರ್ಡ್ ಅಮೆರಿಕದಿಂದ ತರಿಸಿಕೊಟ್ಟಿದ್ದ ಕೆಂಪು ಸ್ಟ್ರಾಟೊಕ್ಯಾಸ್ಟರಿಗೆ ಅನುವಾದ ಮಾಡಿದ. 1960ರಲ್ಲಿ ಐದು ವಾರ ಇಂಗ್ಲೆಂಡಿನಲ್ಲಿ ಅದಕ್ಕೆ ಎದುರಿಲ್ಲದಾಯಿತು. ಅಮೆರಿಕದವರಿಗೆ ಮಾತ್ರ ಅದು ಪರಿಚಯವಾದದ್ದು 1961ರಲ್ಲಿ ಯೋರ್ಗನ್ ಇಂಗ್‌ಮನ್ ಎಂಬ ಡೆನ್ಮಾರ್ಕಿನ ವಾದಕನ ಕೈಯಿಂದ. ‘ವಾಕ್, ಡೋಂಟ್ ರನ್’ ಸಹ ಹೀಗೆಯೇ ಮೂರು ಕೈ ದಾಟಿದ ಮಟ್ಟು: 1954ರಲ್ಲಿ ಜಾನಿ ಸ್ಮಿತ್ ಎಂಬ ಜಾಝ್ ವಿದ್ವಾಂಸನ ಕೃತಿಯಾಗಿ ಹುಟ್ಟಿ, 1957ರಲ್ಲಿ ಚೆಟ್ ಆಟ್ಕಿನ್ಸನ ಬೆರಳುಗಳಲ್ಲಿ ಬೇರೆಯ ವೇಷ ತೊಟ್ಟು, 1960ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಟಕೋಮದ ವೆಂಚರ್ಸ್ ಬಳಗದವರಲ್ಲಿ ಸರಳವೂ ರಭಸವೂ ಆದ ಮೂರನೆಯ ರೂಪವನ್ನು ಪಡೆಯಿತು. ಇವುಗಳಲ್ಲಿ ಮೂಲ ಯಾವುದು? ಯಾವ ರೂಪವನ್ನು ಮುಟ್ಟಿದರೆ ಅಪಚಾರ? ಕೈಯಿಂದ ಕೈಗೆ, ವಾದ್ಯದಿಂದ ವಾದ್ಯಕ್ಕೆ ಹಾಯುತ್ತ ಬಂದುದರಿಂದಲೇ ಬದುಕಿದ ಮಟ್ಟುಗಳನ್ನು ಅವುಗಳ ಒಂದು ಧ್ವನಿಮುದ್ರಿಕೆಯಲ್ಲಿ ಹೂತು, ಮೇಲೆ ಕಾವಲು ಕುಳಿತಿದ್ದಾರೆ ನಮ್ಮ ರಸಿಕರು.

ಈ ಕಾವಲಿನ ಹಿಂದೆ ಇರುವುದು ಸಂಗೀತಪ್ರೇಮವಲ್ಲ, ಉಪಕರಣಪ್ರೇಮ ಎಂಬ ಸಂದೇಹ ನನಗೆ ಬಹುಕಾಲದಿಂದ ಇದೆ. ಅದೇ ವರ್ಷದ ಗಿಟಾರ್, ಅದೇ ಬಣ್ಣ, ಅದೇ ಕಂಪನಿಯ ಆಂಪ್ಲಿಫೈಯರು, ಪ್ರತಿಧ್ವನಿಯನ್ನು ಹೊರಡಿಸುವ ಅದೇ ಇಟಲಿಯ ಯಂತ್ರ, ಅದೇ ದಪ್ಪದ ತಂತಿ: ಇವೆಲ್ಲವನ್ನು ಸಂಪಾದಿಸಿ, ಅರುವತ್ತು ವರ್ಷಗಳ ಹಿಂದೆ ಒಬ್ಬ ತರುಣ ಒಂದು ಮಧ್ಯಾಹ್ನ ಲಂಡನ್ನಿನ ಸ್ಟುಡಿಯೋದಲ್ಲಿ ನುಡಿಸಿದ್ದನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಪುನಃ ನುಡಿಸುವುದೇ ಪರಮಸಾಧನೆಯೆಂದು ಬಗೆದವರು ಎಷ್ಟೋ ಮಂದಿ. ಆ ಶ್ರದ್ಧೆಯನ್ನು ನಾನು ಹಳಿಯುವುದಿಲ್ಲ. ಅಂಥ ಅನುಕರಣೆಯಲ್ಲಿಯೂ ಒಂದು ಕಲಿಕೆಯುಂಟು. ಆದರೆ ಡ್ವೇನ್ ಎಡ್ಡಿಯ ಜೊತೆಯವರು 1958ರಲ್ಲಿ ಫೀನಿಕ್ಸ್ ನಗರದಲ್ಲಿ ಪ್ರತಿಧ್ವನಿಯ ಕೋಣೆಯಿಲ್ಲದ್ದಕ್ಕೆ ನೀರಿನ ದೊಡ್ಡ ತೊಟ್ಟಿಯೊಂದನ್ನು ತಂದು, ಅದರೊಳಗೆ ಧ್ವನಿಯನ್ನು ಹಾಯಿಸಿ, ತಮಗೆ ಬೇಕಾದ ಗಾಂಭೀರ್ಯವನ್ನು ಗಳಿಸಿಕೊಂಡರು. ಸಿಕ್ಕಿದ ಸಾಧನದಿಂದ ಹೊಸ ನಾದವನ್ನು ಹುಡುಕಿದ ಆ ಸಾಹಸಿಗಳ ಅನುಯಾಯಿಗಳು, ಇಂದು ಸಾಧನವನ್ನು ಬದಲಾಯಿಸಿದವನನ್ನು ಬಹಿಷ್ಕರಿಸಹೊರಟಿರುವುದು ವಿಪರ್ಯಾಸ.

ಈಗ ನಾದದ ವಿಚಾರಕ್ಕೆ ಬರುತ್ತೇನೆ. ಪೂರ್ವಪಕ್ಷದ ನಿಜವಾದ ಬಲವಿರುವುದು ಇಲ್ಲಿ.

ಸ್ವರದ ಅಂಚು ಸವೆಯುತ್ತದೆಂಬ ಆಕ್ಷೇಪವನ್ನು ನೋಡಿ. ಸ್ವರಕ್ಕೆ ಅಂಚು ಬರುವುದು ಬಲಗೈಯಿಂದ. ಮೀಟುವ ಬೆರಳುಗುರು, ಮೀಟುವ ಸ್ಥಳ, ಮೀಟುವ ಬಲ, ಇವುಗಳಿಂದ. ಇವು ಎರಡು ವಾದ್ಯಗಳಿಗೂ ಸಮಾನ. ಬೆರಳು ಒತ್ತಿದ ತಂತಿಯೂ ಲೋಹದ ಮೆಟ್ಟಿಲಿನ ಮೇಲೆ ನಿಂತು ನುಡಿಯುತ್ತದೆ, ಸಲಾಕೆ ತಾಗಿದ ತಂತಿಯೂ ಲೋಹದ ಮೇಲೆಯೇ ನಿಂತು ನುಡಿಯುತ್ತದೆ. ಒಂದು ಸ್ವರ ಇನ್ನೊಂದರೊಳಗೆ ಸೋರಿಹೋಗುವುದು ಸಲಾಕೆ ಚಲಿಸುವಾಗಲೂ ಹಿಂದಿನ ಸ್ವರ ನುಡಿಯುತ್ತಿದ್ದರೆ ಮಾತ್ರ. ಅದನ್ನು ನಿಲ್ಲಿಸುವುದಕ್ಕೆ ಬಲಗೈಯ ಅಂಗೈ ಅಂಚಿದೆ. ಸ್ವರ ಮುಗಿದ ಕ್ಷಣದಲ್ಲಿ ತಂತಿಗಳನ್ನು ಮೃದುವಾಗಿ ಮುಚ್ಚಿ, ಸಲಾಕೆ ಹಲಗೆಯ ಮೇಲೆ ಸ್ವರಸ್ಥಾನವನ್ನು ಗುರುತಿಸುವ ಮುಂದಿನ ಗೆರೆಯನ್ನು ಮುಟ್ಟುವುದರೊಳಗೆ ತೆಗೆದು, ಮೀಟುವುದು. ಸ್ಟೀಲ್ ವಾದಕರು ಮೊದಲ ವರ್ಷದಲ್ಲಿ ಕಲಿಯತಕ್ಕ ಪಾಠ ಇದು. ಕಲಿಯದೆ ಬಿಟ್ಟವರ ವಾದನವನ್ನು ಕೇಳಿ ನಮ್ಮ ರಸಿಕರು ವಾದ್ಯವನ್ನೇ ಶಪಿಸಿದರು. ಸ್ಟೀಲ್ ವಾದಕ ಜೆರ‍್ರಿ ಬರ್ಡ್‌ನ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳಿದವನು, ಜಾರು ಬೇಕಾದಲ್ಲಿ ಮಾತ್ರ ಜಾರಿದೆ, ಬೇಡವಾದಲ್ಲಿ ಸ್ವರ ತನ್ನ ಸ್ಥಾನದಲ್ಲಿಯೇ ಹುಟ್ಟಿ ತನ್ನ ಸ್ಥಾನದಲ್ಲಿಯೇ ಸಾಯುತ್ತದೆ ಎಂಬುದನ್ನು ಕಾಣದಿರಲಾರ.

ಕಾರ್ಡುಗಳ ಮಾತು ಇನ್ನೂ ಸ್ವಾರಸ್ಯ. ಆ ಬರ್ಡ್ ಪ್ರಚುರಪಡಿಸಿದ ‘ಸಿ-ಸಿಕ್ಸ್’ ಎಂಬ ಶ್ರುತಿಕ್ರಮದಲ್ಲಿ ಆರು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ನಮ್ಮ ಸಂಜ್ಞೆಯಲ್ಲಿ ಸ, ಗ, ಪ, ದ, ಸ, ಗ ಎಂದು ಕೂಡಿಸುತ್ತಾರೆ. ಮೋಹನ ರಾಗದಿಂದ ಋಷಭವನ್ನು ಕಳೆದರೆ ಉಳಿಯುವುದೇ ಇದು. ಕೆಳಗಿನ ಮೂರು ತಂತಿಗಳು ಕೂಡಿ ಪಾಶ್ಚಾತ್ಯರ ಮೇಜರ್ ಕಾರ್ಡು, ಮೇಲಿನ ಮೂರು ಕೂಡಿ ಮೈನರ್ ಕಾರ್ಡು. ಈಗ ‘ವಾಕ್, ಡೋಂಟ್ ರನ್’ ಯಾವ ಕಾರ್ಡುಗಳ ಮೇಲೆ ನಡೆಯುತ್ತದೆ? ಎ ಮೈನರ್, ಜಿ, ಎಫ್, ಇ. ಎ ಮೈನರ್ ಮೇಲಿನ ಮೂರು ತಂತಿಗಳಲ್ಲಿ ಸಿದ್ಧವಾಗಿಯೇ ಇದೆ. ಉಳಿದ ಮೂರಕ್ಕೆ ಕೆಳಗಿನ ಮೂರು ತಂತಿಗಳ ಮೇಲೆ ಸಲಾಕೆಯನ್ನು ಏಳನೆಯ ಗೆರೆಯಲ್ಲಿಟ್ಟು, ಐದಕ್ಕೆ ಇಳಿಸಿ, ನಾಲ್ಕಕ್ಕೆ ತಂದರೆ ಮುಗಿಯಿತು. ಒಂದೇ ಆಕಾರದ ಕಾರ್ಡುಗಳು ಒಂದರ ಹಿಂದೆ ಒಂದು ಸಮಾನಾಂತರವಾಗಿ ಇಳಿಯುವುದೇ ಈ ಕೃತಿಯ ಚೆಲುವು. ಸಮಾನಾಂತರವಾಗಿ ಇಳಿಯುವುದರಲ್ಲಿ ನೇರವಾದ ಸಲಾಕೆಯನ್ನು ಮೀರಿಸುವ ಉಪಕರಣ ಇನ್ನಾವುದಿದೆ? ದೋಷವೆಂದು ತೋರಿಸಿದ ಬಾಗದಿರುವಿಕೆಯೇ ಇಲ್ಲಿ ಗುಣವಾಗಿದೆ. ‘ಅಪಾಚೆ’ಯೂ ಎ ಮೈನರಿನದು, ಅದರ ನೆಲೆ ಆ ಮೇಲಿನ ಮೂರು ತಂತಿಗಳಲ್ಲಿ, ಸಲಾಕೆ ಮುಟ್ಟುವುದಕ್ಕೆ ಮೊದಲೇ ಕೂಡಿಬಂದಿದೆ. ‘ಸ್ಲೀಪ್ ವಾಕ್’ ಅಂತೂ ಸಿ, ಎ ಮೈನರ್, ಎಫ್ ಮೈನರ್, ಜಿ ಎಂದು ಸುತ್ತುತ್ತದೆ. ಹನ್ನೆರಡನೆಯ ಗೆರೆಯಲ್ಲಿ ಸಲಾಕೆಯನ್ನು ಕದಲಿಸದೆ ಮೊದಲೆರಡು, ಎಂಟನೆಯದರಲ್ಲಿ ಮೂರನೆಯದು, ಏಳನೆಯದರಲ್ಲಿ ನಾಲ್ಕನೆಯದು. ‘ರೆಬಲ್ ರೌಸರ್’ ಅರ್ಧಸ್ವರ ಅರ್ಧಸ್ವರವಾಗಿ ಶ್ರುತಿಯನ್ನು ಏರಿಸುತ್ತ ಹೋಗುವಾಗ, ಸ್ಟೀಲಿನವನು ಸಲಾಕೆಯನ್ನು ಒಂದೊಂದು ಗೆರೆ ಮುಂದಕ್ಕೆ ತಳ್ಳುತ್ತ, ಮಿಕ್ಕೆಲ್ಲವನ್ನೂ ಇದ್ದಂತೆಯೇ ಇಟ್ಟುಕೊಂಡು ನುಡಿಸಬಹುದು.

ಇದರ ಮೇಲೆ ಶ್ರುತಿಶುದ್ಧಿಯ ಲಾಭ ಬೇರೆ. ಮೆಟ್ಟಿಲುಗಳ ಗಿಟಾರಿನಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಲೋಹವನ್ನು ಹೂಡಿಯಾಗಿದೆ. ಅದರ ಗಾಂಧಾರ ನಮ್ಮ ಕಿವಿ ಒಪ್ಪುವ ಅಂತರಗಾಂಧಾರಕ್ಕಿಂತ ತುಸು ಏರಿಯೇ ಇರುತ್ತದೆ. ಅರ್ಧಸ್ವರವನ್ನು 100 ಸೆಂಟುಗಳೆಂದು ಎಣಿಸಿದರೆ ಆ ಏರು ಸುಮಾರು 14 ಸೆಂಟು. ಸಿ-ಸಿಕ್ಸಿನಲ್ಲಿ ಗಾಂಧಾರದ ತಂತಿಗಳನ್ನು ಅಷ್ಟು ಇಳಿಸಿ, ಧೈವತವನ್ನು ಸುಮಾರು 16 ಸೆಂಟು ಇಳಿಸಿದರೆ, ಸ-ಗ-ಪ ಕೂಟವೂ ದ-ಸ-ಗ ಕೂಟವೂ ಏಕಕಾಲದಲ್ಲಿ ನಿರ್ದುಷ್ಟವಾಗುತ್ತವೆ. ಸಲಾಕೆ ಎಲ್ಲಿಗೆ ಹೋದರೂ ಆ ಶುದ್ಧಿ ಅದರೊಡನೆ ಹೋಗುತ್ತದೆ. ಶ್ಯಾಡೋಸರ ಮಟ್ಟುಗಳಲ್ಲಿ ಒಂದೊಂದೇ ಸ್ವರ ನುಡಿಯುವಾಗ ಈ ಭೇದ ಎದ್ದು ಕಾಣದು. ಎರಡು ಮೂರು ತಂತಿಗಳು ಒಟ್ಟಾಗಿ ಉದ್ದಕ್ಕೆ ನಿಂತು ನುಡಿಯುವಲ್ಲಿ ಸಾಮಾನ್ಯ ಶ್ರೋತೃವಿಗೂ ಅದು ತಿಳಿಯುತ್ತದೆ. ಕಾರಣ ಹೇಳಲಾರದಿದ್ದರೂ ಸುಖ ತಿಳಿಯುತ್ತದೆ.

ಈ ಭಾಗವನ್ನು ಬರೆಯುತ್ತಿರುವಾಗ ನಮ್ಮ ದೇಶದ ನೆನಪು ಬಾರದಿರುವುದು ಸಾಧ್ಯವಲ್ಲ. ಮೆಟ್ಟಿಲಿಲ್ಲದ ಹಲಗೆಯ ಮೇಲೆ ಗೋಟನ್ನು ಜಾರಿಸಿ ರಾಗವನ್ನು ಬಿಡಿಸುವ ಗೋಟುವಾದ್ಯ ದಕ್ಷಿಣದವರಿಗೆ ಹೊಸದಲ್ಲ. ಅದರಲ್ಲಿ ಖ್ಯಾತರಾದ ಚಿತ್ರವೀಣೆ ರವಿಕಿರಣ್ 1967ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಿ. ಆ ವಾದ್ಯವನ್ನು ಕೇಳಿದ ಯಾವ ಕನ್ನಡಿಗನೂ ಜಾರುವ ಕಡ್ಡಿಯಿಂದ ಖಚಿತವಾದ ಸ್ವರ ಹೊರಡದೆಂದು ಹೇಳಲಾರ. ಹಾಗೆ ಹೇಳಿದರೆ ಅದು ಪರದೇಶದಿಂದ ಸಾಲ ತಂದ ಅಭಿಪ್ರಾಯ. ಹವಾಯನ್ ಗಿಟಾರಿಗೂ ನಮ್ಮಲ್ಲಿ ಗೌರವದ ಚರಿತ್ರೆಯಿದೆ. 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ತಾವ್ ಮೋ ಅಲ್ಲಿ ಅದನ್ನು ಕಲಿಸಿದ. ಮುಂದೆ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಮೊದಲಾದವರು ಹಿಂದೀ ಚಿತ್ರಗೀತೆಗಳನ್ನು ಅದರಲ್ಲಿ ನುಡಿಸಿ ಮನೆಮನೆಯ ಗ್ರಾಮಫೋನಿಗೆ ಮುಟ್ಟಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನೀ ರಾಗಸಂಗೀತಕ್ಕೆ ಏರಿಸಿದರು. ಕಂಠಕ್ಕಾಗಿ ಹುಟ್ಟಿದ ಗೀತೆಯನ್ನು ಉಕ್ಕಿನ ಸಲಾಕೆ ನುಡಿಸಬಹುದೇ ಎಂದು ಅಂದು ಯಾರೂ ಪಂಚಾಯಿತಿ ಸೇರಿಸಲಿಲ್ಲ. ನಮ್ಮಲ್ಲೂ ವಾದ್ಯಬಹಿಷ್ಕಾರ ನಡೆದಿಲ್ಲವೆಂದಲ್ಲ. ಗಮಕ ಬಾರದೆಂಬ ಮುಖ್ಯ ಆಕ್ಷೇಪದ ಮೇಲೆ ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅಲ್ಲಿ ಜಾರಲಾರದ್ದು ಅಪರಾಧ, ಇಲ್ಲಿ ಜಾರುವುದು ಅಪರಾಧ.

ಸ್ಟೀಲಿನ ಪಕ್ಷದವರಲ್ಲಿಯೂ ಎರಡು ಬಗೆಯ ಜನ ಈ ವಾದ್ಯಕ್ಕೆ ಕೇಡು ಮಾಡಿದ್ದಾರೆ. ಅವರನ್ನು ಬಿಟ್ಟರೆ ಪಕ್ಷಪಾತವಾದೀತು. 1950ರ ದಶಕದ ಆರಂಭದಲ್ಲಿ ಪೆಡಲುಗಳುಳ್ಳ ಸ್ಟೀಲ್ ಪ್ರಚಾರಕ್ಕೆ ಬಂದುದೇ ತಡ, ತೊಡೆಯ ಮೇಲಿನದು ಹಳತಾಯಿತೆಂದು ಮೂಗುಮುರಿದವರು ಒಂದು ಬಗೆ. ಕಾಲಿನಿಂದ ತುಳಿದು ತಂತಿಯ ಶ್ರುತಿಯನ್ನು ಬದಲಾಯಿಸುವ ಆ ಯಂತ್ರದ ಸಾಮರ್ಥ್ಯ ದೊಡ್ಡದೇ ಸರಿ. ಆದರೆ ‘ಅಪಾಚೆ’ಯಂಥ ನೇರವಾದ ಮಟ್ಟಿಗೆ ಅಷ್ಟು ಸಜ್ಜು ಬೇಕಾಗಿಲ್ಲ. ಎರಡನೆಯ ಬಗೆಯವರು ಇವರಿಗಿಂತ ಅಪಾಯಕಾರಿಗಳು. ಸಲಾಕೆ ಕೈಗೆ ಸಿಕ್ಕಿತೆಂದು ಪ್ರತಿಯೊಂದು ಸ್ವರವನ್ನೂ ಮೂರು ಗೆರೆ ಕೆಳಗಿನಿಂದ ಎಳೆದು ತಂದು, ಅದು ಸ್ಥಾನ ಸೇರಿದೊಡನೆ ಜ್ವರ ಬಂದವನಂತೆ ನಡುಗಿಸಿ, ಯಾವ ಮಟ್ಟನ್ನು ಕೊಟ್ಟರೂ ಅದರಿಂದ ಒಂದೇ ಬಗೆಯ ಕಣ್ಣೀರನ್ನು ಹಿಂಡುತ್ತಾರೆ. ಪೂರ್ವಪಕ್ಷದವರು ಸ್ಟೀಲಿನ ಅಳು ಎಂದದ್ದು ಇದನ್ನು. ಅಳು ವಾದ್ಯದ್ದಲ್ಲ, ಇವರದು. ಮಾರ್ವಿನ್ ತನ್ನ ತೋಳನ್ನು ದೀರ್ಘಸ್ವರದ ಕೊನೆಯಲ್ಲಿ ಮಾತ್ರ, ಅದೂ ಎಣಿಸಿದಂತೆ, ಅಲುಗಿಸುತ್ತಿದ್ದ; ಆ ಮಿತವ್ಯಯವನ್ನು ಸ್ಟೀಲಿನವರು ಅವನಿಂದ ಕಲಿಯಬೇಕು. ವೀರದ ಮಟ್ಟಿನಲ್ಲಿ ಸ್ವರ ಮೊದಲು ಅಲುಗದೆ ನಿಲ್ಲಬೇಕು. ನಿಂತು, ತನ್ನ ಬಲವನ್ನು ತೋರಿಸಿ, ಆಮೇಲೆ ಬೇಕಾದರೆ ತೂಗಲಿ. ಮೆಟ್ಟಿಲುಗಳ ಗಿಟಾರಿನ ಸದ್ದನ್ನು ಹಾಗೆಯೇ ಅಣಕಿಸಹೊರಡುವುದೂ ಅಷ್ಟೇ ನಿರರ್ಥಕ. ಅನುಕರಣೆಯಲ್ಲಿ ಅನುಕೃತವೇ ಗೆಲ್ಲುತ್ತದೆ. ಮಟ್ಟಿನ ನಡಿಗೆಯನ್ನು ಇಟ್ಟುಕೊಂಡು ನುಡಿಗಾರಿಕೆಯನ್ನು ಸ್ಟೀಲಿನದಾಗಿಸಬೇಕು: ಮೂಲದಲ್ಲಿ ಒಂಟಿಯಾಗಿದ್ದ ಸ್ವರಕ್ಕೆ ಎರಡನೆಯ ಆವರ್ತನದಲ್ಲಿ ಮೇಲಿನ ತಂತಿಯೊಂದನ್ನು ಜೊತೆಗೂಡಿಸುವುದು, ಸಲಾಕೆಗಿಂತ ಹನ್ನೆರಡು ಗೆರೆ ಮೇಲೆ ತಂತಿಯನ್ನು ಅಂಗೈಯಿಂದ ಸೋಕಿ ಗಂಟೆಯಂಥ ಸಹಸ್ವರವನ್ನು ಎಬ್ಬಿಸುವುದು, ಇಂಥ ಸ್ವಾತಂತ್ರ್ಯಗಳು ಅದಕ್ಕೆ ಸಲ್ಲತಕ್ಕವು.

ಎಲ್ಲ ಕೃತಿಯೂ ಸ್ಟೀಲಿಗೆ ಒಗ್ಗುತ್ತದೆಂದು ನಾನು ಸಾಧಿಸಹೊರಟಿಲ್ಲ. ಸಿ-ಸಿಕ್ಸಿನ ಅತಿ ಕೆಳಗಿನ ತಂತಿ ಮೆಟ್ಟಿಲುಗಳ ಗಿಟಾರಿನ ಅತಿ ಕೆಳಗಿನ ತಂತಿಗಿಂತ ಎಂಟು ಅರ್ಧಸ್ವರ ಮೇಲಿದೆ. ಡ್ವೇನ್ ಎಡ್ಡಿಯ ಗಾಂಭೀರ್ಯವೆಲ್ಲ ಆ ಮಂದ್ರದ ತಂತಿಯಲ್ಲಿ ಅಡಗಿರುವುದರಿಂದ, ‘ರೆಬಲ್ ರೌಸರ್’ ನುಡಿಸಬೇಕೆಂದವನು ಸಿ-ಸಿಕ್ಸನ್ನು ಬಿಟ್ಟು, ಕೆಳಗೆ ಇ ತಂತಿಯುಳ್ಳ ತೆರೆದ ಇ ಶ್ರುತಿಗೆ ಹೋಗಬೇಕು. ಮಟ್ಟನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ನುಡಿಸಿ ಪರಿಹಾರ ಕಂಡುಕೊಂಡವರ ಕೈಯಲ್ಲಿ ಅದು ಸಣ್ಣದಾಗಿ ಕೇಳುತ್ತದೆ. ಆರ್ಥರ್ ಸ್ಮಿತ್ 1945ರಲ್ಲಿ ನುಡಿಸಿದ ‘ಗಿಟಾರ್ ಬೂಗಿ’, ಎಡಗೈಯ ಬೆರಳುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಕೃತಿ. ಸಲಾಕೆ ಅದನ್ನು ನುಡಿಸಬಲ್ಲದು, ಆದರೆ ಆ ಶ್ರಮ ಕಿವಿಗೆ ತಿಳಿದುಬಿಡುತ್ತದೆ. ಅದನ್ನು ಮೆಟ್ಟಿಲುಗಳ ಗಿಟಾರಿಗೇ ಬಿಟ್ಟುಕೊಡುತ್ತೇನೆ. 1963ರ ‘ಪೈಪ್‌ಲೈನ್’ ಮಾತ್ರ ಇತ್ಯರ್ಥವಾಗದ ವ್ಯಾಜ್ಯ. ಮಂದ್ರದ ತಂತಿಯ ಮೇಲೆ ಮೇಲಿನಿಂದ ಕೆಳಕ್ಕೆ ಸರ್ರನೆ ಜಾರಿ ಬರುವ ಅದರ ಆರಂಭ ಸಲಾಕೆಯ ಕೈವಾಡವೆಂದೇ ತೋರಬೇಕು, ಹಾಗಿದೆ. ಆದರೆ ಅದರ ಬೆನ್ನಿಗೇ ಬರುವ, ಅಂಗೈಯಿಂದ ಅರ್ಧ ಮುಚ್ಚಿದ ತಂತಿಯ ಎಡೆಬಿಡದ ದಡದಡ ಸ್ಟೀಲಿನ ಎತ್ತರದ ತಂತಿಗಳಲ್ಲಿ ಇನ್ನೂ ಯಾರ ಕೈಯಿಂದಲೂ ನನ್ನ ಕಿವಿಗೆ ಒಪ್ಪುವಂತೆ ಬಂದಿಲ್ಲ. ಆರಂಭವನ್ನು ನಾವು ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ಕೊಡಬಹುದಾಗಿತ್ತು, ಅವರು ಹಾಗೆ ಪಾಲಿಗೆ ಒಪ್ಪುವವರಾಗಿದ್ದರೆ.